ಸಾಂದ್ರ ಅನಿಲದ ಹರಿವು: ಗಾಳಿಗೆ ಹೊಂದಿಸಿದ ಟರ್ಬುಲೆನ್ಸ್ ಮಾದರಿ ಗೋಡೆಯ ಬಳಿ ಸಾಕಾದೀತೇ?

ಪ್ರಶ್ನೆ:
ಸಿಲಾಕ್ಸೇನ್ (ಸಿಲಿಕಾನ್, ಆಮ್ಲಜನಕಗಳ ಸರಪಳಿಯಿರುವ ಭಾರವಾದ ಅಣುಗಳ ವಸ್ತು) ಆವಿಯಿಂದ ನಡೆಯುವ ಆರ್ಗ್ಯಾನಿಕ್ ರ‍್ಯಾಂಕಿನ್ ಸೈಕಲ್ (ನೀರಾವಿಯ ಬದಲು ಇಂಥ ಆವಿಯಿಂದ ಶಕ್ತಿ ಪಡೆಯುವ ವ್ಯವಸ್ಥೆ) ಟರ್ಬೈನಿನ ನಾಜಲ್ ಹರಿವನ್ನು ಲೆಕ್ಕ ಹಾಕುತ್ತಿದ್ದೇನೆ. ಒಳಹರಿವು ಕ್ರಿಟಿಕಲ್ ಬಿಂದುವಿಗೆ (ದ್ರವ, ಆವಿಗಳ ಭೇದ ಅಳಿಯುವ ಸ್ಥಿತಿಗೆ) ಹತ್ತಿರವಿದ್ದು, ಆವಿ ಸಾಂದ್ರ ಅನಿಲವಾಗಿರುವುದರಿಂದ ಆದರ್ಶ ಅನಿಲ ನಿಯಮವನ್ನು ಬಿಟ್ಟು ನೈಜ ಅನಿಲದ ಒತ್ತಡ, ಉಷ್ಣತೆ, ಸಾಂದ್ರತೆಗಳನ್ನು ಜೋಡಿಸುವ ಪೆಂಗ್–ರಾಬಿನ್ಸನ್ ಸ್ಥಿತಿ ಸಮೀಕರಣವನ್ನು ಬಳಸಿದ್ದೇನೆ. ಟರ್ಬುಲೆನ್ಸ್‌ಗೆ (ಸುಳಿಗಳಿಂದ ಕೂಡಿದ ಅಸ್ತವ್ಯಸ್ತ ಹರಿವಿಗೆ) ಮಾತ್ರ ಮೆಂಟರ್ 1994ರಲ್ಲಿ ಪ್ರಕಟಿಸಿದ ಎಸ್‌ಎಸ್‌ಟಿ ಮಾದರಿಯನ್ನು, ಗಾಳಿಗೆ ಹೊಂದಿಸಿದ ಅದರ ಸ್ಥಿರಾಂಕಗಳನ್ನು ಮುಟ್ಟದೆ, ಹಾಗೆಯೇ ಉಳಿಸಿಕೊಂಡಿದ್ದೇನೆ. ಮಾಕ್ ಸಂಖ್ಯೆ (ಹರಿವಿನ ವೇಗಕ್ಕೂ ಶಬ್ದವೇಗಕ್ಕೂ ಇರುವ ಅನುಪಾತ) 2ನ್ನು ಮುಟ್ಟುವಲ್ಲಿ ಗೋಡೆಯ ಘರ್ಷಣೆಯ ಲೆಕ್ಕವನ್ನು ನಂಬಬಹುದೇ, ಅಥವಾ ಸಂಕುಚನೀಯತೆಗಾಗಿ (ವೇಗದ ಹರಿವಿನಲ್ಲಿ ಸಾಂದ್ರತೆ ಬದಲಾಗುವುದಕ್ಕಾಗಿ) ಮಾದರಿಗೆ ತಿದ್ದುಪಡಿ ಬೇಕೇ?

ಉತ್ತರ 1:
ಮಾಕ್ ಸಂಖ್ಯೆ ಕಂಡೊಡನೆ ಹೆದರುವುದು ಗಾಳಿ ನಮಗೆ ಕಲಿಸಿದ ಅಭ್ಯಾಸ. ಗಾಳಿಯಲ್ಲಿ ಮಾಕ್ 2 ಎಂದರೆ ಸೆಕೆಂಡಿಗೆ ಸುಮಾರು 680 ಮೀಟರ್. ಶಾಖ ದಾಟದ ಗೋಡೆಯ ಬಳಿ ಉಷ್ಣತೆ ಸುಮಾರು 200 ಡಿಗ್ರಿ ಏರುತ್ತದೆ. ನಿಮ್ಮ ಆವಿಯಲ್ಲಿ ಶಬ್ದವೇಗ ಸೆಕೆಂಡಿಗೆ 100 ಮೀಟರ್, ವಿಶಿಷ್ಟೋಷ್ಣ ಕಿಲೋಗ್ರಾಂ-ಡಿಗ್ರಿಗೆ 2000 ಜೂಲ್ ಎಂದು ಇಟ್ಟುಕೊಂಡರೆ, ಅದೇ ಮಾಕ್ ಸಂಖ್ಯೆಯಲ್ಲಿ ಏರಿಕೆ ಸುಮಾರು 9 ಡಿಗ್ರಿ ಮಾತ್ರ. ಹಾಗಾಗಿ ಘರ್ಷಣೆಯಿಂದ ಹುಟ್ಟುವ ಶಾಖವು ವೇಗದ ಚಿತ್ರವನ್ನು ಅಷ್ಟಾಗಿ ಕದಡುವುದಿಲ್ಲ. ಸಂಕುಚನೀಯತೆಯ ತಿದ್ದುಪಡಿಗಳನ್ನು ಮೊದಲ ಹಂತದಲ್ಲಿ ನಾನಾದರೆ ಸೇರಿಸುವುದಿಲ್ಲ.

ಉತ್ತರ 2:
ಮೇಲಿನ ಮಾತಿಗೆ ಅರ್ಧ ಒಪ್ಪಿಗೆ. ಕ್ರಿಟಿಕಲ್ ಬಿಂದುವಿನ ಸಮೀಪದಲ್ಲಿ ಆ ಕೆಲವೇ ಡಿಗ್ರಿಗಳೂ ಸಾಂದ್ರತೆಯನ್ನು ಗಮನಾರ್ಹವಾಗಿ ಬದಲಿಸಬಲ್ಲವು. ಇನ್ನೂ ಮುಖ್ಯವಾದದ್ದು ಸ್ನಿಗ್ಧತೆ: ಗಾಳಿ ಬಿಸಿಯಾದಷ್ಟೂ ಸ್ನಿಗ್ಧತೆ ಏರುತ್ತದೆ, ಸಾಂದ್ರ ಅನಿಲದಲ್ಲಿ ಅದು ದ್ರವದಂತೆ ಇಳಿಯಲೂಬಹುದು. ತಣ್ಣನೆಯ ಗೋಡೆಗಳ ನಡುವಿನ ವೇಗದ ಹರಿವನ್ನು ನೆನೆಯಿರಿ. ಗೋಡೆಯಿಂದ ಒಳಕ್ಕೆ ಸರಿದಂತೆ ಸ್ಥಳೀಯ ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಯ ತಡೆಗೂ ಇರುವ ಅನುಪಾತ) ಗಾಳಿಯಲ್ಲಿ ಕುಗ್ಗಿದರೆ, ಇಲ್ಲಿ ಹಿಗ್ಗಲು ಸಾಧ್ಯ. ಆದ್ದರಿಂದ ಗೋಡೆಯಿಂದ ಇರುವ ದೂರವನ್ನು ಗೋಡೆಯ ಮೇಲಿನ ಗುಣಗಳಿಂದ ಮಾತ್ರ ಅಳೆಯದೆ, ಆಯಾ ಜಾಗದ ಸಾಂದ್ರತೆ, ಸ್ನಿಗ್ಧತೆಗಳಿಂದಲೂ ಅಳೆದು ನೋಡಬೇಕು. ಹುವಾಂಗ್, ಕೋಲ್ಮನ್, ಬ್ರ್ಯಾಡ್‌ಶಾ 1995ರಲ್ಲಿ ಗಾಳಿಗೆ ಹೇಳಿದ ಈ ಅಳತೆಗೋಲು ಇಲ್ಲಿಯೂ ಉಪಯುಕ್ತ. ಅಂದಹಾಗೆ, ನಿಮ್ಮ ಸಾಫ್ಟ್‌ವೇರಿನಲ್ಲಿ ಸ್ನಿಗ್ಧತೆಗೆ ಯಾವ ಸೂತ್ರವಿದೆ?

ಪ್ರಶ್ನೆ ಕೇಳಿದವರು:
ನಾಚಿಕೆಯ ವಿಷಯ: ಉಷ್ಣತೆಯೊಂದರಿಂದಲೇ ಸ್ನಿಗ್ಧತೆಯನ್ನು ಹೇಳುವ ಸದರ್ಲೆಂಡ್ ಸೂತ್ರವೇ ಉಳಿದುಹೋಗಿತ್ತು, ಪ್ರಾಂಟಲ್ ಸಂಖ್ಯೆಯೂ (ಸ್ನಿಗ್ಧತೆಯಿಂದ ವೇಗ ಹರಡುವುದಕ್ಕೂ ಶಾಖ ಹರಡುವುದಕ್ಕೂ ಇರುವ ಅನುಪಾತ) ಗಾಳಿಯ 0.71ರಲ್ಲೇ ನಿಂತಿತ್ತು. ಸ್ಥಿತಿ ಸಮೀಕರಣವನ್ನು ಬದಲಿಸಿದಾಗ ಇವೂ ತಾವಾಗಿಯೇ ಬದಲಾಗುತ್ತವೆ ಎಂದುಕೊಂಡಿದ್ದೆ.

ಉತ್ತರ 2:
ಬಹಳ ಜನ ಜಾರುವುದು ಅಲ್ಲಿಯೇ. ಒತ್ತಡದ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಚುಂಗ್ ಮತ್ತು ಸಂಗಡಿಗರ 1988ರ ವಿಧಾನವನ್ನು ಸ್ನಿಗ್ಧತೆ, ಉಷ್ಣವಾಹಕತೆ ಎರಡಕ್ಕೂ ಬಳಸಿ. ಪ್ರಾಂಟಲ್ ಸಂಖ್ಯೆಯನ್ನು ಪ್ರತಿ ಕೋಶದಲ್ಲಿ ಹೊಸದಾಗಿ ಲೆಕ್ಕ ಹಾಕಿಸಿ, ಏಕೆಂದರೆ ಕ್ರಿಟಿಕಲ್ ಬಿಂದುವಿನ ಬಳಿ ವಿಶಿಷ್ಟೋಷ್ಣ ಶಿಖರದಂತೆ ಏರುವಾಗ ಅದೂ ಜೊತೆಗೇ ಏರುತ್ತದೆ. ಟರ್ಬುಲೆಂಟ್ ಪ್ರಾಂಟಲ್ ಸಂಖ್ಯೆಯನ್ನು (ಸುಳಿಗಳು ಹರಡುವ ವೇಗ, ಶಾಖಗಳಿಗೆ ಇರುವ ಇಂಥದೇ ಅನುಪಾತವನ್ನು) ಸದ್ಯಕ್ಕೆ 0.9ರಲ್ಲೇ ಬಿಡಿ. ನಿಮ್ಮ ಗೋಡೆ ಶಾಖವನ್ನು ದಾಟಿಸದ್ದಾದರೆ ಅದರಿಂದ ಘರ್ಷಣೆಯ ಲೆಕ್ಕ ಹೆಚ್ಚು ಅಲುಗಾಡದು. ತಂಪಾಗಿಸಿದ ಗೋಡೆಯಾದರೆ ಶಾಖದ ಅಂಕಿಯನ್ನು ಮಾತ್ರ ಅನುಮಾನದಿಂದಲೇ ನೋಡಿ.