‘ಫ್ರಾಂಟಿಯರ್’ ವಕೀಲನಿಗೆ ‘ಗಡಿನಾಡು’ ಒಪ್ಪುತ್ತದೆಯೇ, ‘ಸರ್ಕೀಟು’ ಸಲ್ಲುತ್ತದೆಯೇ?

ಲಿಂಕನ್ನನ ಎದುರಾಳಿಯೆಂದು ನಮ್ಮಲ್ಲಿ ಹೆಚ್ಚಾಗಿ ಪರಿಚಿತನಾಗಿರುವ ಸ್ಟೀಫನ್ ಡಗ್ಲಸ್ (1813–1861) ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ವಕೀಲನಾಗಿ, ಬಳಿಕ ಶಾಸಕನಾಗಿ ಕಳೆದ ಆರಂಭದ ವರ್ಷಗಳನ್ನು ಕುರಿತು ಒಂದು ಕಿರುಪರಿಚಯವನ್ನು ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಎರಡು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂಬುದರ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಫ್ರಾಂಟಿಯರ್’. ನಿಘಂಟುಗಳಲ್ಲಿ ಸಿಗುವ ‘ಗಡಿ’, ‘ಸರಹದ್ದು’, ‘ಎಲ್ಲೆ’ ಇವೆಲ್ಲವೂ ಎರಡು ಆಡಳಿತಗಳ ನಡುವಿನ ಗೆರೆಯನ್ನೇ ಸೂಚಿಸುತ್ತವೆ. ‘ಗಡಿನಾಡು’ ಎಂದೊಡನೆ ನಮಗೆ ಬೆಳಗಾವಿ, ಕಾಸರಗೋಡು ನೆನಪಾಗುತ್ತವೆ; ಖಾನ್ ಅಬ್ದುಲ್ ಗಫಾರ್ ಖಾನರನ್ನು ‘ಗಡಿನಾಡ ಗಾಂಧಿ’ ಎನ್ನುವಾಗಲೂ ವಾಯವ್ಯ ಗಡಿಪ್ರಾಂತ್ಯವೇ ಮನಸ್ಸಿನಲ್ಲಿರುತ್ತದೆ. ಅಮೆರಿಕದ ಬಳಕೆ ಬೇರೆ. ಅಲ್ಲಿನ ಜನಗಣತಿಯವರು ಚದರ ಮೈಲಿಗೆ ಇಬ್ಬರಾದರೂ ನೆಲೆಸಿರುವ ಪ್ರದೇಶದ ಹೊರ ಅಂಚನ್ನೇ ಆ ಹೆಸರಿನಿಂದ ಗುರುತಿಸುತ್ತಿದ್ದರು. ದಶಕದಿಂದ ದಶಕಕ್ಕೆ ಪಡುವಣಕ್ಕೆ ಸರಿಯುತ್ತಿದ್ದ ಆ ರೇಖೆಯನ್ನು ಇನ್ನು ಎಳೆಯಲಾಗದೆಂದು 1890ರ ಗಣತಿಯಲ್ಲಿ ಹೇಳಲಾಯಿತು. ಹೀಗೆ ಚಲಿಸುವ ಅಂಚಿಗೆ ‘ಗಡಿ’ ಎಂದರೆ ಓದುಗರು ದಾರಿ ತಪ್ಪುವುದು ಖಚಿತವೆಂದು ನನ್ನ ಎಣಿಕೆ.

‘ವಲಸೆಯಂಚು’ ಎಂದು ಬರೆದುನೋಡಿದೆ. ಅರ್ಥ ಹತ್ತಿರ ಬರುತ್ತದೆ, ಆದರೆ ‘ವಲಸೆಯಂಚಿನ ವಕೀಲ’ ಎಂದಾಗ ವಲಸಿಗರ ಪರ ವಾದಿಸುವವನೇನೋ ಎಂಬ ಭಾವನೆ ಹುಟ್ಟುತ್ತದೆ. ‘ಪಾಳುನೆಲ’, ‘ನಿರ್ಜನ ಸೀಮೆ’ ಎಂಬ ಪದಗಳನ್ನಂತೂ ನಾನು ಒಪ್ಪಲಾರೆ. ವರ್ಮಾಂಟಿನಲ್ಲಿ ಹುಟ್ಟಿದ ಡಗ್ಲಸ್ 1833ರಲ್ಲಿ ಇಲಿನಾಯ್‌ಗೆ ಬಂದಿಳಿಯುವುದಕ್ಕೆ ಹಿಂದಿನ ವರ್ಷವಷ್ಟೇ ನೆಲಕ್ಕಾಗಿ ಮೂಲನಿವಾಸಿಗಳಿಗೂ ಅಮೆರಿಕನ್ನರಿಗೂ ನಡುವೆ ಬ್ಲ್ಯಾಕ್ ಹಾಕ್ ಯುದ್ಧ ನಡೆದಿತ್ತು. ಆ ಮೂಲನಿವಾಸಿಗಳಾದ ಸಾಕ್ ಮತ್ತು ಫಾಕ್ಸ್ ಜನರು ತಮ್ಮ ಊರು, ಮೆಕ್ಕೆಜೋಳದ ಹೊಲಗಳನ್ನು ಕಳೆದುಕೊಂಡ ನೆಲವನ್ನು ನಿರ್ಜನವೆನ್ನುವುದು ಸರಿಯಲ್ಲ.

ಎರಡನೆಯ ಪದ ‘ಸರ್ಕ್ಯೂಟ್’. ಡಗ್ಲಸ್ ಕೆಲಕಾಲ ವಿಂಚೆಸ್ಟರಿನಲ್ಲಿ ಶಾಲೆ ನಡೆಸಿ, 1834ರ ಮಾರ್ಚಿನಲ್ಲಿ, ಇಪ್ಪತ್ತೊಂದು ತುಂಬುವ ಮೊದಲೇ, ವಕೀಲಿ ಸನದು ಪಡೆದನು. ಮರುವರ್ಷ ಶಾಸನಸಭೆಯು ಅವನನ್ನು ಸರ್ಕಾರಿ ಅಭಿಯೋಜಕನನ್ನಾಗಿ ಆರಿಸಿತು. ನ್ಯಾಯಾಧೀಶನೂ ವಕೀಲರೂ ಕುದುರೆಯೇರಿ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ಕೇಂದ್ರದಿಂದ ಇನ್ನೊಂದಕ್ಕೆ ಹೋಗಿ ಕಲಾಪ ನಡೆಸುತ್ತಿದ್ದ ಆ ಪದ್ಧತಿಗೆ ನಮ್ಮ ಹಳೆಯ ಆಡಳಿತ ಕನ್ನಡದ ‘ಸರ್ಕೀಟು’ ಹೇಳಿ ಮಾಡಿಸಿದಂತಿದೆ, ಏಕೆಂದರೆ ಪದದ ಮೂಲವೂ ಒಂದೇ, ಅಧಿಕಾರಿಯ ತಿರುಗಾಟವೆಂಬ ಅರ್ಥವೂ ಒಂದೇ. ಆದರೆ ಈಗ ‘ಸರ್ಕೀಟು ಹೊಡೆಯುವುದು’ ಎಂದರೆ ಕೆಲಸವಿಲ್ಲದೆ ಅಲೆಯುವುದು ಎಂಬ ಛಾಯೆ ಬಂದಿದೆಯಲ್ಲ?

ಡಗ್ಲಸನ ಸರ್ಕ್ಯೂಟಿನ ತಿರುಗಾಟವಂತೂ ಕೆಲಸವಿಲ್ಲದ ಅಲೆದಾಟವಾಗಿರಲಿಲ್ಲ. ಮೆಕ್ಲೀನ್ ಕೌಂಟಿಯಲ್ಲಿ ಡಗ್ಲಸ್ ಸಿದ್ಧಪಡಿಸಿದ ದೋಷಾರೋಪ ಪತ್ರಗಳಲ್ಲಿ ಕೌಂಟಿಯ ಹೆಸರಿನ ಕಾಗುಣಿತವೇ ತಪ್ಪಾಗಿದೆ, ಅವನ್ನು ರದ್ದುಪಡಿಸಬೇಕು ಎಂದು ಎದುರು ವಕೀಲರು ವಾದಿಸಿದರು. ಕೌಂಟಿಯನ್ನು ಸ್ಥಾಪಿಸಿದ ಕಾಯಿದೆಯನ್ನೇ ತರಿಸಿರೆಂದು ಅವನು ಪಟ್ಟು ಹಿಡಿದನು. ಸಮಯ ಸಿಗಲೆಂದು ಹೂಡಿದ ಉಪಾಯವದು. ಕಾಯಿದೆಯ ಪುಸ್ತಕ ಬಂದಾಗ ಅದರಲ್ಲಿಯೂ ಅವನು ಬರೆದ ಕಾಗುಣಿತವೇ ಇತ್ತು! ಪದಚರ್ಚೆಯವರಿಗೆ ರುಚಿಸಬಹುದೆಂದು ಇದನ್ನು ಹೇಳಿದೆ.

1836ರಲ್ಲಿ ಮಾರ್ಗನ್ ಕೌಂಟಿಯಿಂದ ಆರಿಸಿಬಂದು ಡಗ್ಲಸ್ ಆಗಿನ ರಾಜಧಾನಿ ವಂಡೇಲಿಯಾದಲ್ಲಿ ಕುಳಿತ ಸಭೆಗೆ ‘ವಿಧಾನಸಭೆ’ ಎಂದೇ ಬರೆಯುತ್ತಿದ್ದೇನೆ. ಲಿಂಕನ್ನನೂ ಆಗ ಅದೇ ಸಭೆಯಲ್ಲಿದ್ದನು. ಇದರಲ್ಲಿ ನನಗೆ ತೊಡಕೇನೂ ಕಾಣುವುದಿಲ್ಲ.

‘ಫ್ರಾಂಟಿಯರ್’ ಅನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಉಳಿಸಿ, ಮೊದಲ ಬಳಕೆಯಲ್ಲಿ ‘ವಲಸಿಗರ ನೆಲೆಗಳು ಮುಂದೊತ್ತುತ್ತಿದ್ದ ಅಂಚು’ ಎಂದು ವಿವರಿಸುವುದು ಸದ್ಯಕ್ಕೆ ನಾನು ಕಂಡುಕೊಂಡ ದಾರಿ. ಇದಕ್ಕಿಂತ ಚಿಕ್ಕದಾದ, ಸಮಾಸದಲ್ಲಿಯೂ ಹೊಂದುವ ಪದ ಯಾರಿಗಾದರೂ ಹೊಳೆದರೆ ತಿಳಿಸಬೇಕು. ‘ಸರ್ಕೀಟು’ ಪದವು ನ್ಯಾಯಾಲಯದ ಸಂಚಾರಕ್ಕೆ ಬಳಕೆಯಾಗಿರುವ ಹಳೆಯ ದಾಖಲೆಯನ್ನು ಕಂಡವರಿದ್ದರೆ ಆ ವಾಕ್ಯವನ್ನು ದಯವಿಟ್ಟು ಇಲ್ಲಿ ಕೊಡಬೇಕು.