ಸಹಾಯ ಬೇಕು: ಪತಂಗ ಮತ್ತು ಬಾವಲಿಯ ರೆಕ್ಕೆ ತೋರಿಸುವುದು ಹೇಗೆ?

ಮಗಳ ಚಾರ್ಟ್‌ಗೆ ಒಂದು ಕೀಟ, ಒಂದು ಬಾವಲಿಯನ್ನು ಹೋಲಿಸಬೇಕು. ಆರಿಸಿಕೊಂಡಿದ್ದು ಅಟ್ಲಾಸ್ ಪತಂಗ ಮತ್ತು ಥಾಯ್ಲೆಂಡ್, ಮ್ಯಾನ್ಮಾರ್ ಗುಹೆಗಳ ಬಂಬಲ್‌ಬೀ ಬಾವಲಿ. ಈ ಬಾವಲಿಯ ಮೈ ಬರೀ 3 ಸೆಂ.ಮೀ., ತೂಕ ಸುಮಾರು 2 ಗ್ರಾಂ. ಪತಂಗ ರೆಕ್ಕೆ ಬಿಚ್ಚಿದರೆ 24 ಸೆಂ.ಮೀ. ವರೆಗೂ ಬರುತ್ತದೆ! ಅಳತೆ ಹಿಡಿದು ಪೆನ್ಸಿಲ್‌ನಲ್ಲಿ ಬರೆದರೆ ಬಾವಲಿಯೇ ಪತಂಗದ ಮರಿಯ ಹಾಗೆ ಕಾಣುತ್ತಿದೆ. ಅದಿರಲಿ.

ತೊಡಕಿರುವುದು ರೆಕ್ಕೆಯಲ್ಲಿ. ಬಾವಲಿಯದ್ದು ಹೆಚ್ಚುಕಡಿಮೆ ನಮ್ಮ ಕೈಯೇ ಅಲ್ವಾ, ಉದ್ದುದ್ದ ಬೆರಳುಗಳ ನಡುವೆ ತೆಳು ಚರ್ಮ. ಪತಂಗದ್ದರಲ್ಲಿ ಮೂಳೆಯೇ ಇಲ್ಲ, ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಈ ವ್ಯತ್ಯಾಸವನ್ನು ಚಿಕ್ಕ ಮಕ್ಕಳಿಗೆ ಹೇಗೆ ತೋರಿಸಲಿ? ಕಡ್ಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಯಾರಾದರೂ ಮಾದರಿ ಮಾಡಿದ್ದರೆ ದಯವಿಟ್ಟು ಫೋಟೋ ಹಾಕಿ. ಸೋಮವಾರವೇ ಕೊಡಬೇಕು.