ಚಪ್ಪರದವರೆ ಸೊಂಪಾಗಿದೆ, ಹೂವು ಮಾತ್ರ ಇಲ್ಲ [ಪರಿಹಾರ ಸಿಕ್ಕಿದೆ]

ಮಹಡಿಅವರೆ (ರಾಜಾಜಿನಗರ), ನವೆಂಬರ್ 28

ಎಲ್ಲರಿಗೂ ನಮಸ್ಕಾರ. ಅವರೆ, ಅಲಸಂದೆ, ಹುರುಳಿಕಾಯಿ, ರೆಕ್ಕೆ ಅವರೆ ಅಂತ ನನ್ನ ಡಬ್ಬಿಗಳಲ್ಲಿ ಈಗ 23 ಬಗೆಯ ಬೀಜಗಳಿವೆ. ಅದರಲ್ಲಿ ಒಂದೇ ಒಂದು ತಲೆನೋವು. ಮಾಗಡಿ ಕಡೆಯ ನಮ್ಮ ಸೋದರತ್ತೆ ಕೊಟ್ಟ ಕರಿ ಬೀಜದ ಚಪ್ಪರದವರೆ. ಜುಲೈ ಮೂರನೇ ವಾರ ಬಿತ್ತಿದೆ. ಬಳ್ಳಿ ಚಪ್ಪರ ತುಂಬಿ ಪಕ್ಕದ ಬಟ್ಟೆ ಒಣಗಿಸುವ ತಂತಿಗೂ ಹತ್ತಿದೆ. ಹೂವು? ಒಂದೂ ಇಲ್ಲ. ಅತ್ತೆ ಮನೆಯಲ್ಲಿ ಅದೇ ಬೀಜ ಆಗಲೇ ಕಾಯಿ ಬಿಟ್ಟಿದೆಯಂತೆ.

ನನ್ನ ಪಕ್ಕದ ಕುಂಡದಲ್ಲೇ ಇರುವ ಎಚ್‌ಎ-4 ಗಿಡ್ಡ ಅವರೆ ಒಂದು ಸಲ ಕಾಯಿ ಕೊಟ್ಟೂ ಆಯಿತು. ಮಣ್ಣು ಅದೇ, ನೀರು ಅದೇ. ದೊಡ್ಡ ತಪ್ಪು ಅಂದರೆ, ಇದ್ದ ಆರು ಬೀಜವನ್ನೂ ಒಟ್ಟಿಗೇ ಬಿತ್ತಿಬಿಟ್ಟೆ. ಕಾಯಿ ಆಗದಿದ್ದರೆ ನನ್ನ ಹತ್ತಿರ ಈ ತಳಿ ಮುಗಿಯಿತು.

ಹಿತ್ತಲಗಿಡ

ಏನು ಗೊಬ್ಬರ ಹಾಕಿದ್ದೀರಿ? ಸೊಪ್ಪು ಜಾಸ್ತಿ, ಹೂ ಇಲ್ಲ ಅಂದರೆ ಸಾಮಾನ್ಯವಾಗಿ ಸಾರಜನಕ ಜಾಸ್ತಿ ಆಗಿರುತ್ತದೆ. ಅವರೆ ಬೇರಿನ ಗಂಟುಗಳಲ್ಲಿ ತನ್ನ ಸಾರಜನಕ ತಾನೇ ಮಾಡಿಕೊಳ್ಳುತ್ತದೆ. ಹಿಂಡಿ ಗಿಂಡಿ ನಿಲ್ಲಿಸಿ, ಸ್ವಲ್ಪ ಒಲೆ ಬೂದಿ ಹಾಕಿ ನೋಡಿ.

ಮಹಡಿಅವರೆ

ಕಡಲೆಕಾಯಿ ಹಿಂಡಿ ಎರಡು ಸಲ ಹಾಕಿದ್ದೆ. ನಿಲ್ಲಿಸುತ್ತೇನೆ. ಆದರೆ ಇವತ್ತು ಬೆಳಿಗ್ಗೆ ಒಂದು ವಿಚಿತ್ರ ಕಂಡೆ. ನೀರಿನ ಟ್ಯಾಂಕಿನ ಹಿಂದಕ್ಕೆ ನುಸುಳಿದ ಒಂದೇ ಒಂದು ಕವಲಿನಲ್ಲಿ ಮೊಗ್ಗಿದೆ! ಉಳಿದ ಕಡೆ ಎಲೆ ಬಿಟ್ಟರೆ ಏನೂ ಇಲ್ಲ.

ಸೊಗಡು

ಹಾಗಾದರೆ ಗೊಬ್ಬರದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಬೇರು ಒಂದೇ ಅಲ್ವಾ? ಒಂದು ಕೆಲಸ ಮಾಡಿ. ರಾತ್ರಿ ಒಂಬತ್ತರ ಮೇಲೆ ಮಹಡಿ ದೀಪ ಆರಿಸಿ, ಬಳ್ಳಿ ಪಕ್ಕ ನಿಂತು ಪೇಪರ್ ಓದೋಕೆ ಆಗುತ್ತಾ ನೋಡಿ.

ಮಹಡಿಅವರೆ, ನವೆಂಬರ್ 30

ಸಣ್ಣ ಅಕ್ಷರದ ಟೆಂಡರ್ ಜಾಹೀರಾತೂ ಓದಿದೆ. ಉತ್ತರದ ಕಡೆ ಪಕ್ಕದ ಕಟ್ಟಡದವರು ಆಗಸ್ಟ್‌ನಲ್ಲಿ ಪಾರ್ಕಿಂಗ್‌ಗೆ ದೊಡ್ಡ ಎಲ್‌ಇಡಿ ದೀಪ ಹಾಕಿದ್ದಾರೆ. ಬೆಳಗಿನವರೆಗೂ ಉರಿಯುತ್ತದೆ. ಟ್ಯಾಂಕಿನ ಹಿಂದೆ ಮಾತ್ರ ಕತ್ತಲೆ.

ಸೊಗಡು

ಸಿಕ್ಕಿತು ನೋಡಿ ಕಳ್ಳ. ನಾಟಿ ಅವರೆ ರಾತ್ರಿ ಉದ್ದ ಆಗುವುದನ್ನು ನೋಡಿಕೊಂಡು ಹೂ ಬಿಡುವ ಗಿಡ. ಬೆಂಗಳೂರಲ್ಲಿ ಹಗಲು ಜೂನ್‌ನಲ್ಲಿ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 25 ನಿಮಿಷ. ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ, ಆದರೂ ಅವರೆಗೆ ಅಷ್ಟು ಸಾಕು. ರಾಗಿ ಹೊಲದ ನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಸ್ವಲ್ಪ ಹಿಂದೆ ಮುಂದೆ ಬಿತ್ತಿದರೂ ಎಲ್ಲ ಚಳಿಗೇ ಹೂ ಬಿಡುವುದು ಇದಕ್ಕೇ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಈ ಗುಟ್ಟನ್ನು ತಂಬಾಕು, ಸೋಯಾಬೀನ್ ಗಿಡಗಳಲ್ಲಿ ತೋರಿಸಿದರು.

ಎಲೆಯೊಳಗಿನ ಫೈಟೋಕ್ರೋಮ್ ಎಂಬ ವಸ್ತು ಬೆಳಕನ್ನು ಗುರುತಿಸುತ್ತದೆ. ಕತ್ತಲೆ ಮಧ್ಯೆ ಬೆಳಕು ಬಿದ್ದರೆ ಗಿಡಕ್ಕೆ ಇನ್ನೂ ಉದ್ದ ಹಗಲೇ ಇದೆ ಅನ್ನಿಸುತ್ತದೆ. ನಿಮ್ಮ ಬಳ್ಳಿ ಪಾಪ, ಇನ್ನೂ ಜೂನ್‌ನಲ್ಲೇ ಇದೆ. ಎಚ್‌ಎ-4 ನಮ್ಮ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ತಳಿ. ಅದಕ್ಕೆ ಹಗಲಿನ ಉದ್ದದ ಗೊಡವೆ ಇಲ್ಲ, ವರ್ಷವಿಡೀ ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳೂ ಹಾಗೇ.

ದೀಪದ ಕಡೆಗೆ ಮಾತ್ರ ದಪ್ಪ ಕಪ್ಪು ಟಾರ್ಪಾಲಿನ್ ಕಟ್ಟಿ. ಈಗ ಬಿಸಿಲು ದಕ್ಷಿಣದ ಕಡೆಯಿಂದ ಬರುತ್ತದೆ, ಹಗಲು ತೆಗೆಯುವುದೂ ಬೇಡ. ಮೂರ್ನಾಲ್ಕು ವಾರ ಕಾಯಿರಿ.

ಹಿತ್ತಲಗಿಡ

ಬೂದಿ ಸಲಹೆ ವಾಪಸ್ ತಗೊಂಡೆ. ನನ್ನ ರೆಕ್ಕೆ ಅವರೆಯೂ ಗೇಟ್ ದೀಪದ ಕೆಳಗೇ ಇದೆ. ಇವತ್ತೇ ಜಾಗ ಬದಲಿಸುತ್ತೇನೆ.

ಮಹಡಿಅವರೆ, ಡಿಸೆಂಬರ್ 27

ಪರದೆ ಕಟ್ಟಿ ನಾಲ್ಕು ವಾರ ಆಗುತ್ತಾ ಬಂತು. ಚಪ್ಪರದ ಮಧ್ಯದಲ್ಲೂ ಮೊಗ್ಗು ಬಂದಿದೆ! ದೀಪದವರಿಗೆ ಏನೂ ಹೇಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯರು ಅಲ್ಲೇ ಗಾಡಿ ನಿಲ್ಲಿಸುತ್ತಾರೆ, ಅವರಿಗೆ ಬೆಳಕು ಬೇಕು.

ಇನ್ನೊಂದು ಪ್ರಶ್ನೆ. ಎಚ್‌ಎ-4 ಪಕ್ಕದಲ್ಲೇ ಮತ್ತೆ ಹೂ ಬಿಟ್ಟಿದೆ. ಬೀಜ ಬೆರಕೆ ಆಗುತ್ತಾ?

ಸೊಗಡು

ಅವರೆ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ದುಂಬಿ ಬಂದರೆ ಸ್ವಲ್ಪ ಬೆರಕೆ ಆಗಬಹುದು. ಬೀಜಕ್ಕೆ ಬೇಕಾದ ಗೊಂಚಲುಗಳಿಗೆ ಮೊಗ್ಗಿನಲ್ಲೇ ತೆಳು ಬಟ್ಟೆಯ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಕೆಂಪು ದಾರ ಕಟ್ಟಿ ಗುರುತು ಮಾಡಿ. ಕಪ್ಪು ಹೇನು ಬಂದೇ ಬರುತ್ತದೆ. ಸುಮ್ನೆ ಜೋರಾಗಿ ನೀರು ಹೊಡೆದು ಉದುರಿಸಿ, ಹೂವಿಗೆ ಮಾತ್ರ ಹೊಡೆಯಬೇಡಿ.

ಬೀಜ ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಡಿ. ಬೀಜದ ಮೇಲೆ ಹುಳು ಇಟ್ಟ ಮೊಟ್ಟೆ ಇದ್ದರೆ ಸಾಯುತ್ತದೆ. ಹಸಿ ಬೀಜ ಮಾತ್ರ ಇಡಬೇಡಿ, ಬೀಜವೇ ಸಾಯುತ್ತದೆ.

ಮಹಡಿಅವರೆ, ಜನವರಿ 24

ಕೆಂಪು ದಾರದ ಗೊಂಚಲು ಒಂಬತ್ತು. ಮನೆಯಲ್ಲಿ ದಿನಾ ಕೇಳುತ್ತಾರೆ, ಹಿತಕಿದ ಬೇಳೆ ಸಾರು ಯಾವಾಗ ಅಂತ. ಈ ಸಲ ಸಾರಿಗೆ ಮಾರ್ಕೆಟ್ ಅವರೆಯೇ ಗತಿ ಅಂದಿದ್ದೇನೆ.

ಹಿತ್ತಲಗಿಡ

ಒಣಗಿದ ಮೇಲೆ ನನಗೊಂದು ನಾಲ್ಕು ಬೀಜ?

ಮಹಡಿಅವರೆ

ಖಂಡಿತ. ಮೊದಲು ಅತ್ತೆಗೆ ಒಂದು ಹಿಡಿ ವಾಪಸ್, ಆಮೇಲೆ ನೀವು.